ಲೋನ್ ಆಪ್‌ನವರು ಕಾಟ ಕೊಟ್ಟರೆ ಮೊದಲು ಇಷ್ಟು ಮಾಡಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನನ್ನ ತಮ್ಮ ಒಂದು ಆಪ್‌ನಲ್ಲಿ 5,000 ರೂಪಾಯಿ ಸಾಲ ತಗೊಂಡ. ಕೈಗೆ ಬಂದದ್ದು 3,200. ಏಳು ದಿನಕ್ಕೆ ಪೂರ್ತಿ ಕಟ್ಟಬೇಕಿತ್ತು. ಆರನೇ ದಿನವೇ ಅವನ ಮುಖ ಅಂಟಿಸಿದ ಕೊಳಕು ಫೋಟೋ ನನ್ನ ವಾಟ್ಸಾಪ್‌ಗೆ ಬಂತು. ನಾನು ಬ್ಲೌಸ್‌ಗೆ ಹುಕ್ ಹಾಕುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ.

ನಿಮಗೂ ಹೀಗಾಗಿದ್ದರೆ ಮೊದಲು ಮನೆಯವರಿಗೆ ಹೇಳಿ. ನನ್ನ ತಮ್ಮ ಮೂರು ದಿನ ಬಚ್ಚಿಟ್ಟ, ಊಟ ಬಿಟ್ಟ. ಅವರಿಗೆ ಬೇಕಾಗಿರುವುದೇ ಆ ಭಯ. 'ನನ್ನ ಹೆಸರಲ್ಲಿ ಏನೇ ಬಂದರೂ ನಂಬಬೇಡಿ, ದುಡ್ಡು ಹಾಕಬೇಡಿ' ಅಂತ ನೀವೇ ಎಲ್ಲರಿಗೂ ಮೆಸೇಜ್ ಹಾಕಿ. ನಾವು ಹಾಕಿದ ಮೇಲೆ ಬೆದರಿಕೆಯ ಬಲ ಅರ್ಧ ಇಳಿಯಿತು.

ಸಿಟ್ಟಿನಲ್ಲಿ ಏನನ್ನೂ ಅಳಿಸಬೇಡಿ. ಬೈಗುಳ, ನಂಬರ್, ಯುಪಿಐ ಐಡಿ, ಹಣ ಬಂದ ದಿನ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನ್‌ಗೆ ಕಳಿಸಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್, ಫೋಟೋ ಅನುಮತಿ ತೆಗೆದು, ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಆಟೋಪೇ ರದ್ದು ಮಾಡಿ, ಆಪ್ ಕಿತ್ತುಹಾಕಿ. 'ಗಡುವು ಮುಂದೂಡುತ್ತೇವೆ' ಅಂತ ಕೇಳುವ ಹಣ ಮಾತ್ರ ಕೊಡಲೇಬೇಡಿ. ಅದು ಸಾಲಕ್ಕೆ ಜಮೆಯಾಗುವುದಿಲ್ಲ.

ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಪೊಲೀಸ್ ಸ್ಟೇಷನ್‌ಗೂ ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ತಗೊಂಡು ಹೋಗಿ. ಸಾಲದ ಆಪ್‌ಗಳು ಕಾಂಟ್ಯಾಕ್ಟ್ಸ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ನಲ್ಲೂ ದೂರು ಹಾಕಬಹುದು.

ರಾತ್ರಿ ಜೀವವೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.