ಬೇಳೆ ಬೇಯುವ ನೀರು ಮತ್ತು ಫ್ಲೋರೈಡ್: ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘದ ನನ್ನ ಅನುಭವ

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಊರಿನ ಕೊಳವೆಬಾವಿಗಳ ಫ್ಲೋರೈಡ್ ಅಳೆದು, ಆ ಅಂಕಿಗಳನ್ನು ಗ್ರಾಮ ಪಂಚಾಯಿತಿ ಒಪ್ಪುವಂತೆ ಮಾಡಿದ್ದಾರೆ ಎಂಬ ಸುದ್ದಿ ಹರಡಿದ ಮೇಲೆ, ಅದನ್ನು ಹೇಗೆ ಮಾಡಿದಿರಿ ಎಂದು ಕೇಳುವ ಶಿಕ್ಷಕ ಮಿತ್ರರು ಹೆಚ್ಚಾಗಿದ್ದಾರೆ. ಇವರಲ್ಲಿ ಕೆಲವರು ಮೊದಲ ವರ್ಷ ನಮ್ಮ ನಳಿಕೆಗಳನ್ನು ಕಂಡು, ಹತ್ತನೆಯ ತರಗತಿಯ ಫಲಿತಾಂಶ ಸುಧಾರಿಸುವುದನ್ನು ಬಿಟ್ಟು ಇದೇನು ನೀರಾಟ ಎಂದವರೇ. ಅವರ ಸಮಾಧಾನಕ್ಕಾಗಿ ಮೊದಲೇ ಹೇಳುತ್ತೇನೆ: ಫಲಿತಾಂಶ ಕುಸಿಯಲಿಲ್ಲ, ಮತ್ತು ರಸಾಯನಶಾಸ್ತ್ರದ ಪ್ರಶ್ನೆಗಳಿಗೆ ನಮ್ಮ ಮಕ್ಕಳು ಬರೆಯುವ ಉತ್ತರಗಳು ಈಗ ಗೈಡಿನ ಭಾಷೆಯಲ್ಲಿ ಇರುವುದಿಲ್ಲ.

ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಮಕ್ಕಳು ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ ಆಡುವವರು. ಕುಡಿಯುವ ನೀರೆಲ್ಲ ಗ್ರಾನೈಟ್ ಮತ್ತು ನೈಸ್ ಶಿಲೆಯ ಬಿರುಕುಗಳಿಂದ ಬರುವ ಕೊಳವೆಬಾವಿಯ ನೀರು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಮೂಡುವ ಕಂದು ಕಲೆಯ ಬಗ್ಗೆ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ವಿಜ್ಞಾನ ಸಂಘವೆಂದರೆ ಈ ಕೆಲಸಕ್ಕೂ ಮೊದಲು ಥರ್ಮಾಕೋಲಿನ ಜ್ವಾಲಾಮುಖಿ, ತಾಲ್ಲೂಕು ಮಟ್ಟದ ವಸ್ತುಪ್ರದರ್ಶನ, ಒಂದು ಪ್ರಮಾಣಪತ್ರ, ಅಷ್ಟೇ ಆಗಿತ್ತು. ಪ್ರತಿ ಮಾದರಿಗೆ ಎಂಟುನೂರರಿಂದ ಒಂದು ಸಾವಿರ ರೂಪಾಯಿ ಖರ್ಚಾಗಿ ಮಾರ್ಚ್ ತಿಂಗಳಲ್ಲಿ ಅದು ಕಸಕ್ಕೆ ಹೋಗುತ್ತಿತ್ತು. ಅದೇ ಹಣವನ್ನು ಊರಿನವರಿಗೆ ಉತ್ತರ ಬೇಕಾಗಿರುವ ಒಂದು ಪ್ರಶ್ನೆಯ ಮೇಲೆ ಹಾಕಬೇಕು ಎಂಬುದಷ್ಟೇ ನನ್ನ ಹಟವಾಗಿತ್ತು.

ಸಿದ್ಧ ಕಿಟ್‌ನಿಂದ ಆರಂಭಿಸಿದೆವು. ಸುಮಾರು ಮೂರು ಸಾವಿರ ಕೊಟ್ಟು ತಂದ ಕಿಟ್‌ನ ಬಣ್ಣದ ಪಟ್ಟಿಯಲ್ಲಿ 1.0ಕ್ಕೂ 1.5ಕ್ಕೂ ಇರುವ ವ್ಯತ್ಯಾಸವನ್ನು ಇಬ್ಬರು ಮಕ್ಕಳು ಒಂದೇ ರೀತಿ ಓದಿದ್ದನ್ನು ನಾನು ಕಾಣಲಿಲ್ಲ. ನಮಗೆ ಬೇಕಾಗಿದ್ದದ್ದು ಅದೇ ವ್ಯತ್ಯಾಸ, ಏಕೆಂದರೆ ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ಬಣ್ಣ ಅಳೆಯುವ ಪ್ರಯತ್ನ ನಡೆಯಿತು. ಕ್ಯಾಮೆರಾ ತಾನಾಗಿಯೇ ಬಿಳುಪನ್ನು ತಿದ್ದಿಕೊಳ್ಳುವುದರಿಂದ ಒಂದೇ ನಳಿಕೆ ಬೆಳಿಗ್ಗೆ ಒಂದು ಅಂಕಿ, ಸಂಜೆ ಇನ್ನೊಂದು ಅಂಕಿ ಕೊಟ್ಟಿತು. ಆ ವರ್ಷ ಪೂರ್ತಿ ಹೀಗೆಯೇ ಹೋಯಿತು. ಅನುದಾನ ಕೈಗೆ ಬರುವ ಹೊತ್ತಿಗೆ ಜನವರಿ ಮುಗಿದಿದ್ದರಿಂದ ಖರ್ಚಿನ ಬಹುಪಾಲು ನನ್ನ ಜೇಬಿನದೇ.

ಕೊನೆಗೆ ಹಳೆಯ ಜಿರ್ಕೋನಿಯಂ–ಅಲಿಜರಿನ್ ಪದ್ಧತಿಗೆ ಮರಳಿದೆವು. ಆಮ್ಲದಲ್ಲಿರುವ ಕೆಂಪು ಬಣ್ಣದ ಸಂಯುಕ್ತದಿಂದ ಫ್ಲೋರೈಡ್ ಜಿರ್ಕೋನಿಯಂ ಅನ್ನು ಕಿತ್ತುಕೊಂಡಷ್ಟೂ ಬಣ್ಣ ಹಳದಿಯ ಕಡೆಗೆ ತಿರುಗುತ್ತದೆ. ಪ್ರಯೋಗಾಲಯಗಳು ಇದನ್ನು ಬಿಟ್ಟು ಎಷ್ಟೋ ವರ್ಷಗಳಾದವು, ಫ್ಲೋರೈಡನ್ನು ನೇರವಾಗಿ ಅಳೆಯುವ ವಿದ್ಯುದ್ವಾರದ ಕಾಲದಲ್ಲಿ ಇದನ್ನು ಯಾರು ನಂಬುತ್ತಾರೆ ಎಂದು ಪದವಿ ಕಾಲೇಜಿನ ಸ್ನೇಹಿತರೊಬ್ಬರು ನೇರವಾಗಿಯೇ ಹೇಳಿದರು. ಆದರೆ ವಿದ್ಯುದ್ವಾರ ಮತ್ತು ಅದರ ಮೀಟರಿನ ಬೆಲೆಯಲ್ಲಿ ನಮ್ಮ ಶಾಲೆಯ ಕಾಂಪೌಂಡನ್ನೇ ದುರಸ್ತಿ ಮಾಡಿಸಬಹುದಿತ್ತು. ರಾಸಾಯನಿಕಗಳಿಗೆ ನನಗೆ ಆದ ಖರ್ಚು, ನೆನಪಿದ್ದಂತೆ, ಎರಡೂವರೆ ಸಾವಿರದ ಆಸುಪಾಸು. ಬಣ್ಣ ಹೋಲಿಸಲು ಬಳಸುವ ಐವತ್ತು ಮಿಲಿಲೀಟರಿನ ನೆಸ್ಲರ್ ನಳಿಕೆಗಳ ಒಂದು ಜೋಡಣೆಗೆ ಇನ್ನೆರಡು ಸಾವಿರ ಬಿತ್ತು. ಐವತ್ತು ಮಿಲಿಲೀಟರ್ ನೀರಿಗೆ ಎರಡೂವರೆ ಮಿಲಿಲೀಟರ್ ಕಾರಕ (ಆ ಕೆಂಪು ದ್ರಾವಣ) ಸಾಕಾಗುವುದರಿಂದ, ಒಂದು ಲೀಟರ್ ಕಾರಕದಲ್ಲಿ ನಾನೂರು ನಳಿಕೆ ಏಳುತ್ತವೆ. ಹಾಳಾದದ್ದು, ಚೆಲ್ಲಿದ್ದು, ಫ್ಲೋರೈಡ್ ಎಷ್ಟಿದೆಯೆಂದು ಗೊತ್ತಿದ್ದು ಬಣ್ಣ ಹೋಲಿಸಲು ಬಳಸುವ ಮಾನಕ ದ್ರಾವಣಗಳಿಗೆ ಹೋದದ್ದು ಎಲ್ಲ ಲೆಕ್ಕ ಹಾಕಿದರೂ ಒಂದು ಪರೀಕ್ಷೆಗೆ ಎರಡು ಮೂರು ರೂಪಾಯಿ ದಾಟುವುದಿಲ್ಲ.

ಮಾನಕ ದ್ರಾವಣದ ಕ್ರಮ ನಿಮಗೆ ಗೊತ್ತಿರುವುದೇ: 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಒಂದು ಲೀಟರಿನಲ್ಲಿ ಕರಗಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್, ಅದನ್ನು ಹತ್ತು ಪಟ್ಟು ತೆಳುಗೊಳಿಸಿಕೊಂಡು ಬೇಕಾದ ಮೆಟ್ಟಿಲುಗಳನ್ನು ಮಾಡಿಕೊಳ್ಳುವುದು. ಇದು ವಿಷ, ಆದ್ದರಿಂದ ತೂಗುವುದು, ಕರಗಿಸುವುದು, ಬೀರುವಿನಲ್ಲಿಟ್ಟು ಬೀಗ ಹಾಕುವುದು ಮೂರೂ ನನ್ನ ಕೆಲಸ, ಮಕ್ಕಳದ್ದಲ್ಲ. ಆಮ್ಲ ಸೇರಿದ ಕಾರಕವನ್ನೂ ನಾನೇ ಅಳೆದು ಹಾಕುತ್ತೇನೆ. ಫ್ಲೋರೈಡಿನ ಮಾನಕ ದ್ರಾವಣವನ್ನು ಗಾಜಿನ ಸೀಸೆಯಲ್ಲಿ ಇಡಬಾರದು, ಮಾದರಿ ನೀರನ್ನೂ ಪ್ಲಾಸ್ಟಿಕ್ ಬಾಟಲಿಯಲ್ಲೇ ತರಬೇಕು. ಬಟ್ಟಿ ಇಳಿಸಿದ ನೀರಿಗೆ ಪರದಾಡುವವರಿಗೆ ಒಂದು ಮಾತು: ಬ್ಯಾಟರಿ ಅಂಗಡಿಯ ನೀರು ಸಾಕು, ಆದರೆ ಪ್ರತಿ ಕ್ಯಾನನ್ನೂ ಕಾರಕ ಹಾಕಿ ನೋಡಿಯೇ ಬಳಸಬೇಕು, ಏಕೆಂದರೆ ಒಮ್ಮೆ ನಮಗೆ ಬಂದ ಕ್ಯಾನಿನಲ್ಲಿ ಇದ್ದದ್ದು ಯಾವುದೋ ಬೋರಿನ ನೀರೇ.

ಪದ್ಧತಿ ಸರಿಯಾಗಿದ್ದರೂ ಅಂಕಿಗಳು ಕುಣಿಯುತ್ತಿದ್ದವು. ಅದರ ಹಿಂದಿದ್ದ ಕಾರಣಗಳು ಒಂದೊಂದಾಗಿ ಸಿಕ್ಕವು. ಬೋರಿನಿಂದ ಆಗಷ್ಟೇ ಹಿಡಿದು ತಂದ ಬೆಚ್ಚನೆಯ ನೀರನ್ನು ಕೊಠಡಿಯಲ್ಲಿದ್ದ ಮಾನಕದ ಜೊತೆ ಹೋಲಿಸಿದರೆ ಬಣ್ಣ ತಪ್ಪುತ್ತದೆ, ಎರಡರ ಉಷ್ಣತೆಯೂ ಒಂದೆರಡು ಡಿಗ್ರಿಯೊಳಗೆ ಇರಲೇಬೇಕು. ಕಾರಕ ಹಾಕಿದ ಮೇಲೆ ಒಂದು ಗಂಟೆ ಕಾಯಬೇಕು, ಹತ್ತು ನಿಮಿಷಕ್ಕೇ ಇಣುಕುವ ಮಕ್ಕಳನ್ನು ತಡೆಯುವುದೇ ದೊಡ್ಡ ಸಾಹಸ. ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿಯ ನೀರು 2.0 ಅನ್ನೂ ದಾಟಿ ತೋರಿಸಿತು. ಕ್ಲೋರಿನ್ ತಾನೇ ಬಣ್ಣ ಕೆಡಿಸುತ್ತಿತ್ತು. ಆ ನೀರನ್ನು ಅಗಲ ಪಾತ್ರೆಯಲ್ಲಿ ಬಿಸಿಲಿಗಿಟ್ಟು ಮರುದಿನ ನೋಡಿದಾಗ ಅರ್ಧಕ್ಕಿಳಿಯಿತು. ಸುಮಾರು 1.4ರ ಮೇಲೆ ಕಣ್ಣು ನಂಬಿಕೆಗೆ ಅರ್ಹವಲ್ಲ, ಅಂಥ ನೀರನ್ನು ಅರ್ಧಕ್ಕೆ ತೆಳುಗೊಳಿಸಿ, ಬಂದದ್ದನ್ನು ಎರಡರಿಂದ ಗುಣಿಸುತ್ತೇವೆ. ಇನ್ನು ಕ್ಷಾರೀಯತೆ ಹೆಚ್ಚಿರುವ ನೀರು ನಮ್ಮ ಕಡೆ ಸಾಮಾನ್ಯ, ಅದು ಬಣ್ಣವನ್ನು ಚೆನ್ನಾಗಿಯೇ ಆಟವಾಡಿಸುತ್ತದೆ. ಅಂಥ ನೀರನ್ನು ನಾವು ಮೊದಲು ಹೇಗೆ ಹದಗೊಳಿಸಿಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ವರ್ಷ ತಿಣುಕಿ ಕಂಡುಕೊಂಡದ್ದು ಅದು, ನಿಮ್ಮ ಊರಿನ ನೀರು ಹಿಡಿದುಕೊಂಡು ಶಾಲೆಗೆ ಬಂದರೆ ತೋರಿಸುತ್ತೇನೆ.

ಅಳತೆ ಕೈಗೆ ಬಂದ ಮೇಲೆ ಎದುರಾದದ್ದು ಅದಕ್ಕಿಂತ ಕಷ್ಟದ ವಿಷಯ. ಊರಿನಲ್ಲಿ ಒಳ್ಳೆಯ ನೀರೆಂದರೆ ಬೇಳೆ ಬೇಯುವ ನೀರು. ಬಸ್ ನಿಲ್ದಾಣದ ಹಿಂದಿನ ಬೋರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಬಾಯಿಗೂ ಹಿತ. ನಮ್ಮ ಬಿಸಿಯೂಟದ ನೀರೂ ಅಲ್ಲಿಂದಲೇ ಬರುತ್ತಿತ್ತು. ಮಕ್ಕಳ ಲೆಕ್ಕದಲ್ಲಿ ಇಡೀ ಪಂಚಾಯಿತಿಗೆ ಅತಿ ಹೆಚ್ಚು ಫ್ಲೋರೈಡ್, ಸುಮಾರು 2.8, ಬಂದದ್ದು ಅದೇ ಬೋರಿಗೆ. ಬೇಳೆ ಬೇಯದ, ಪಾತ್ರೆಗೆ ಬಿಳಿ ಪೊರೆ ಕಟ್ಟುವ ಕೆರೆ ಅಂಚಿನ ಬೋರಿನಲ್ಲಿ ಒಂದಕ್ಕಿಂತ ಕಡಿಮೆ. ರಸಾಯನಶಾಸ್ತ್ರ ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡಾಗಿ ಕಟ್ಟಿಕೊಳ್ಳುವುದರಿಂದ ಅದರ ಪ್ರಮಾಣ ಒಂದು ಮಟ್ಟದ ಮೇಲೆ ಏರಲಾರದು. ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುವ ಮೆದು ನೀರಿಗೆ ಆ ತಡೆ ಇಲ್ಲ. ಆದರೆ ತಲೆಮಾರುಗಳಿಂದ ಒಲೆಯ ಮೇಲೆ ಪರೀಕ್ಷೆ ಮಾಡಿದವರ ಮುಂದೆ ಹದಿನಾಲ್ಕರ ಹುಡುಗಿಯೊಬ್ಬಳು ನಿಂತು ನಿಮ್ಮ ಒಳ್ಳೆಯ ನೀರೇ ಕೆಟ್ಟದ್ದು ಎಂದರೆ ಯಾರು ಒಪ್ಪುತ್ತಾರೆ? ಯಾರೂ ಒಪ್ಪಲಿಲ್ಲ. ಪೋಸ್ಟರ್ ಅಂಟಿಸಿದೆವು, ಜಾಥಾ ಮಾಡಿದೆವು, ಬೀದಿ ನಾಟಕವನ್ನೂ ಆಡಿದೆವು. ನಾಟಕಕ್ಕೆ ಚಪ್ಪಾಳೆ ಬಿತ್ತು, ಕೊಡಗಳು ಮಾತ್ರ ಅದೇ ಬೋರಿನ ಮುಂದೆ ಸಾಲಾಗಿ ನಿಂತವು.

ಆಗ ಹೊಳೆದದ್ದೇ ಈ ಬರಹಕ್ಕೆ ಕಾರಣವಾದ ವಿಧಾನ. ಅಂಕಿಯನ್ನು ನಂಬಿ ಎಂದು ಕೇಳುವ ಬದಲು ನಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಳ್ಳೋಣ ಎಂದು ಮಕ್ಕಳಿಗೆ ಹೇಳಿದೆ. ಮಕ್ಕಳ ಗ್ರಾಮಸಭೆಯ ದಿನ ಊರಿನವರೇ ತಮಗೆ ಬೇಕಾದ ಕಡೆಯಿಂದ ನೀರು ತುಂಬಿಸಿ ತರಬೇಕು, ಬಾಟಲಿಯ ಮೇಲೆ ಸಂಖ್ಯೆ ಮಾತ್ರ ಇರಬೇಕು, ಯಾವ ಸಂಖ್ಯೆ ಯಾವ ಮೂಲ ಎಂಬ ಪಟ್ಟಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಬಳಿ ಲಕೋಟೆಯಲ್ಲಿ ಇರಬೇಕು, ಮಕ್ಕಳು ಎಲ್ಲರ ಎದುರು ಅಳೆದು ಕರಿಹಲಗೆಯ ಮೇಲೆ ಬರೆದ ನಂತರವೇ ಲಕೋಟೆ ಒಡೆಯಬೇಕು. ಸೋತರೆ ಶಾಲೆಯ ಮರ್ಯಾದೆ ಹೋಗುತ್ತದೆ ಎಂದು ಮುಖ್ಯ ಶಿಕ್ಷಕರು ಹಿಂಜರಿದರು, ಮಕ್ಕಳು ಹಿಂಜರಿಯಲಿಲ್ಲ. ಇಪ್ಪತ್ತರಷ್ಟು ಬಾಟಲಿಗಳು ಬಂದವು. ಒಂದೇ ಬೋರಿನ ನೀರನ್ನು ಮೂರು ಸಂಖ್ಯೆಗಳಲ್ಲಿ ತಂದವರಿದ್ದರು, ಶುದ್ಧ ನೀರಿನ ಘಟಕದ ನೀರನ್ನು ತಂದವರಿದ್ದರು. ಕಾಯುವ ಒಂದು ಗಂಟೆಯಲ್ಲಿ ಮಕ್ಕಳು ತೆಲುಗಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ಹಲಗೆಯ ಮೇಲೆ ಕನ್ನಡದಲ್ಲಿ ಬರೆದರು.

ಲಕೋಟೆ ಒಡೆದಾಗ ಮೂರು ಸಂಖ್ಯೆಗಳಲ್ಲಿ ಬಂದಿದ್ದ ಒಂದೇ ನೀರಿನ ಅಂಕಿಗಳು ಸಾಲಾಗಿ ಕೂಡಿಕೊಂಡವು, ಒಂದರಲ್ಲಿ ಮಾತ್ರ 0.2ರಷ್ಟು ಅಂತರ ಬಂದಿತ್ತು. ಸಭೆಯನ್ನು ನಿಜವಾಗಿ ಗೆದ್ದುಕೊಟ್ಟದ್ದು ಇನ್ನೊಂದು ಬಾಟಲಿ. ಅದು 1.4 ತೋರಿಸಿತ್ತು, ಲಕೋಟೆಯ ಪಟ್ಟಿಯಲ್ಲಿ ಅದರ ಮುಂದೆ ಬಸ್ ನಿಲ್ದಾಣದ ಬೋರು ಎಂದಿತ್ತು. ತಪ್ಪಿತು ಎಂದು ಹಿಂದಿನ ಸಾಲಿನವರು ನಗತೊಡಗಿದಾಗ, ಅದನ್ನು ತಂದಿದ್ದ ಹಿರಿಯ ರೈತರೊಬ್ಬರು ಎದ್ದು, ತಾವು ಬೇಕೆಂದೇ ಅರ್ಧ ಬೋರಿನ ನೀರು, ಅರ್ಧ ಘಟಕದ ನೀರು ಬೆರೆಸಿದ್ದಾಗಿಯೂ, ಹುಡುಗರು ಸಿಕ್ಕಿಬೀಳುತ್ತಾರೆಂದು ಕಾದಿದ್ದಾಗಿಯೂ ಹೇಳಿದರು. ಅರ್ಧ ಬೆರೆಸಿದ್ದಕ್ಕೆ ಅರ್ಧ ಬಂದಿತ್ತು. ಆ ನಂತರ ನಾನು ಏನನ್ನೂ ವಿವರಿಸಬೇಕಾಗಲಿಲ್ಲ, ಅವರೇ ವಿವರಿಸಿದರು. ಪಂಚಾಯಿತಿಯವರು ಐದಾರು ಮಾದರಿಗಳನ್ನು ಜಿಲ್ಲಾ ಪ್ರಯೋಗಾಲಯಕ್ಕೂ ಕಳಿಸಿದರು. ಅಲ್ಲಿಂದ ಬಂದ ಅಂಕಿಗಳಿಗೂ ನಮ್ಮವಕ್ಕೂ ಇದ್ದ ವ್ಯತ್ಯಾಸ 0.2, 0.3ರ ಒಳಗೇ. ಆ ವರದಿಯ ಪ್ರತಿಯನ್ನು ಕಾಲೇಜಿನ ಸ್ನೇಹಿತರಿಗೆ ಕಳಿಸಿಕೊಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ಕೆಲಸವನ್ನು ಮಾತ್ರ ನಾನು ಮಾಡಿಸಲಿಲ್ಲ, ನೀವೂ ಮಾಡಿಸಬೇಡಿ. ಮಕ್ಕಳ ಹಲ್ಲುಗಳ ಸಮೀಕ್ಷೆ ಮಾಡಿ ಎಂದು ಸಲಹೆ ಕೊಟ್ಟವರು ಬಹಳ. ಹಲ್ಲಿನ ಕಲೆ ಎನಾಮಲ್ ರೂಪುಗೊಳ್ಳುವ ಮೊದಲ ಏಳೆಂಟು ವರ್ಷಗಳ ನೀರಿನ ಗುರುತು, ಈಗಿನ ಬೋರಿನದ್ದಲ್ಲ, ಹಾಗಾಗಿ ಅದರಿಂದ ನಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಾಯಿಗೆ ಕೈ ಅಡ್ಡ ಇಟ್ಟು ನಗುವ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎಣಿಸುವುದು ವಿಜ್ಞಾನ ಸಂಘದ ಕೆಲಸವಲ್ಲ.

ನಡುವೆ ದಾರಿ ತಪ್ಪಿ ಮಾಡಿದ ಪ್ರಯೋಗಗಳೂ ಇವೆ. ನೀರಿನ ಯಂತ್ರ ಮಾರಲು ಬರುವವರು ಎರಡು ಲೋಟಗಳಲ್ಲಿ ವಿದ್ಯುತ್ ಸರಳುಗಳನ್ನು ಅದ್ದಿ, ಬೋರಿನ ನೀರು ಕಂದು ಬಗ್ಗಡವಾಗುವುದನ್ನೂ ಯಂತ್ರದ ನೀರು ತಿಳಿಯಾಗಿಯೇ ಉಳಿಯುವುದನ್ನೂ ತೋರಿಸಿ, ಇದೇ ನಿಮ್ಮ ನೀರಿನ ವಿಷ ಎನ್ನುವುದನ್ನು ನೀವೂ ಕಂಡಿರುತ್ತೀರಿ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ, ಹರಿಯುವ ನೀರಿನಲ್ಲಿ ಕರಗಿ ಬಗ್ಗಡವಾಗುವುದು ಕಬ್ಬಿಣದ ಸರಳೇ. ನಮ್ಮ ಮಕ್ಕಳು ಅದೇ ಯಂತ್ರದ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಸರಳು ಅದ್ದಿಸಿದರು, ಬೋರಿನ ನೀರಿಗಿಂತ ಹೆಚ್ಚು ಬಗ್ಗಡ ಬಂತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ವಿಚಾರವಾದಿ ಎಚ್. ನರಸಿಂಹಯ್ಯನವರ ಜಿಲ್ಲೆಯ ಮಕ್ಕಳು ಇಷ್ಟಾದರೂ ಮಾಡಬೇಡವೇ? ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರಿನ ಮೋಹವೂ ಹೀಗೆಯೇ ಕಳಚಿತು. ಅದು ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳಲಾರದು. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆಗೆ ಉತ್ತರವಾಗಿ ಎರಡು ಲೀಟರ್ ನೀರನ್ನು ಒಂದು ಲೀಟರಿಗೆ ಇಂಗಿಸಿ ಅಳೆದೆವು, ಅಂಕಿ ಏರಿತೇ ಹೊರತು ಇಳಿಯಲಿಲ್ಲ.

ಆಲಂ (ಪಟಿಕ) ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ಬಕೆಟ್ಟಿನಲ್ಲಿ ಮಾಡಿ ನೋಡಿದಾಗ 2.8 ಇದ್ದದ್ದು 0.8ಕ್ಕೆ ಇಳಿದಂತೆ ಕಂಡು ಮಕ್ಕಳು ಕುಣಿದಾಡಿದರು. ಆದರೆ ನೀರಿನಲ್ಲಿ ಉಳಿಯುವ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದಿಟ್ಟುಕೊಂಡು ನಮ್ಮ ಬಣ್ಣದ ಪರೀಕ್ಷೆಗೆ ಅದನ್ನು ಕಡಿಮೆಯಾಗಿ ತೋರಿಸುತ್ತದೆ. ಪ್ರಯೋಗಾಲಯದಲ್ಲಿ ಅದೇ ನೀರು ಒಂದೂವರೆಯ ಹತ್ತಿರ ಬಂತು. ಆಲಂ ಹಾಕಿದ ನೀರನ್ನು ಅಲಿಜರಿನ್‌ನಿಂದ ಅಳೆದು ಯಾರಾದರೂ ಯಶಸ್ಸಿನ ಅಂಕಿ ತೋರಿಸಿದರೆ ನಂಬಬೇಡಿ.

ಬಿಸಿಯೂಟದ ನೀರಿನ ವಿಷಯದಲ್ಲಿ ಅಡುಗೆಯವರು ಕೊನೆಯವರೆಗೂ ಪಟ್ಟು ಬಿಡಲಿಲ್ಲ. ಕೆರೆ ಅಂಚಿನ ನೀರು ತರಿಸಿದರೆ, "ಈ ನೀರಲ್ಲಿ ಬೇಳೆ ಬೇಯೋಷ್ಟರಲ್ಲಿ ಗ್ಯಾಸ್ ಮುಗಿಯುತ್ತೆ ಸಾರ್" ಎಂದರು, ಅದು ನಿಜವೂ ಹೌದು. ಎರಡಕ್ಕೂ ಪರಿಹಾರವಾದದ್ದು ಮಳೆ ನೀರು: ಅದು ಮೆದು, ಫ್ಲೋರೈಡೂ ನಮ್ಮ ನಳಿಕೆಯಲ್ಲಿ ಕಾಣದಷ್ಟು ಕಡಿಮೆ. ಶಾಲೆಯ ಚಾವಣಿ ಸುಮಾರು 120 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆಯೆಂದು ಹಿಡಿದು, ಐದರಲ್ಲೊಂದು ಪಾಲು ನಷ್ಟ ಕಳೆದರೂ ಐವತ್ತೇಳು ಸಾವಿರ ಲೀಟರ್ ದಾಟುತ್ತದೆ. ಪಾಳು ಬಿದ್ದಿದ್ದ ಇಪ್ಪತ್ತು ಸಾವಿರ ಲೀಟರಿನ ಸಂಪನ್ನು ತೊಳೆಸಿ, ಪೈಪು, ಮೊದಲ ಮಳೆಯ ಕೊಳೆ ನೀರನ್ನು ಹೊರಹಾಕುವ ವ್ಯವಸ್ಥೆ, ಮರಳು ಇದ್ದಿಲಿನ ಶೋಧಕ ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ ಆಯಿತು. ಹಳೆಯ ವಿದ್ಯಾರ್ಥಿಗಳು ಹತ್ತು ಸಾವಿರ ಕೊಟ್ಟರು, ಆ ಬಾಟಲಿ ಬೆರೆಸಿದ ರೈತರು ಎರಡು ಸಾವಿರ ಕೊಟ್ಟರು, ಉಳಿದದ್ದು ಹೇಗೋ ಕೂಡಿಬಂತು. ದಿನಕ್ಕೆ ಅಡುಗೆಗೆ ಇನ್ನೂರು ಲೀಟರ್ ಲೆಕ್ಕದಲ್ಲಿ ಒಮ್ಮೆ ತುಂಬಿದರೆ ಮೂರು ತಿಂಗಳ ಮೇಲೆ ಸಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಘಟಕದ ಕ್ಯಾನ್ ತರಿಸಬೇಕಾಗುತ್ತದೆ. ಸಂಪಿನ ನೀರಿನಲ್ಲಿ ಮಾಡಿದ ಸಾರಿನ ಬಗ್ಗೆ ಅಡುಗೆಯವರು ಇದುವರೆಗೆ ದೂರು ಹೇಳಿಲ್ಲ. ಬಸ್ ನಿಲ್ದಾಣದ ಬೋರಿಗೆ ಪಂಚಾಯಿತಿಯವರು ಕೆಂಪು ಬಣ್ಣ ಬಳಿಸಿ, ತೊಳೆಯಲು ಮಾತ್ರ ಎಂದು ಬರೆಸಿದ್ದಾರೆ. ಸುಮಾರು ಮುಕ್ಕಾಲು ಪಾಲು ಮನೆಯವರು ಅದನ್ನು ಪಾಲಿಸುತ್ತಿದ್ದಾರೆ, ಉಳಿದವರು ಬೇಳೆಯ ಪರವಾಗಿಯೇ ಇದ್ದಾರೆ.

ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ನಮ್ಮ ತಂಡ ಜಿಲ್ಲಾ ಮಟ್ಟ ದಾಟಿತು. ಈ ವರ್ಷ ನೈಟ್ರೇಟ್ ಕೈಗೆತ್ತಿಕೊಂಡಿದ್ದೇವೆ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಮತ್ತು ತಿಪ್ಪೆಯ ಪಕ್ಕದ ಬೋರುಗಳ ಮಾಲೀಕರು ಈಗಾಗಲೇ ಗುಟ್ಟಿನ ಬಾಟಲಿಗಳನ್ನು ಯಾವಾಗ ತರಬೇಕೆಂದು ಕೇಳುತ್ತಿದ್ದಾರೆ. ಅಲಿಜರಿನ್ ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿದೆ. ಅಕ್ಕಪಕ್ಕದ ಶಾಲೆಯವರಿಗೆ ಕಾರಕ ಬೇಕಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ತಂದು ಶನಿವಾರ ಮಧ್ಯಾಹ್ನ ಒಯ್ಯಬಹುದು.