ಟೋಪಿ, ಟೇಪು, ಸೇನಾಪತಿ: ಒಂದು ಚಿತ್ರಮಾಲೆಯ ನನ್ನ ಅನುಭವ

ಕಲಬುರಗಿಯ ನಮ್ಮ ಓಣಿಯ ಹಿರಿಯರು 1948ರ ಸೆಪ್ಟೆಂಬರ್ ತಿಂಗಳ ಘಟನೆಯನ್ನು ಇಂದಿಗೂ ‘ಪೊಲೀಸ್ ಆಕ್ಷನ್’ ಎಂದೇ ಕರೆಯುತ್ತಾರೆ. ನಿಜಾಮರ ಸಂಸ್ಥಾನದೊಳಗೆ ಬಂದದ್ದು ಟ್ಯಾಂಕುಗಳ ಸಮೇತ ಭಾರತೀಯ ಸೇನೆ. ಹೆಸರು ಮಾತ್ರ ಪೊಲೀಸರದು. ಎರಡು ವರ್ಷ ತುಂಬುವುದರೊಳಗೆ, 1950ರ ಜೂನ್‌ನಲ್ಲಿ, ಕೊರಿಯಾದಲ್ಲಿ ನಡೆದಿರುವುದನ್ನು ಪೊಲೀಸ್ ಆಕ್ಷನ್ ಎನ್ನಬಹುದೇ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಹೌದೆಂದೇ ಉತ್ತರಿಸಿದರು. ಯುದ್ಧ ಮಾಡುವವರು ಸೈನಿಕರು, ಅದಕ್ಕೆ ಹೆಸರಿಡುವವರು ರಾಜಕಾರಣಿಗಳು ಎಂಬ ಈ ವಿಚಿತ್ರವೇ, ಯುದ್ಧಕಾಲದಲ್ಲಿ ಸೇನಾಪತಿಗಳ ಮೇಲೆ ಸರ್ಕಾರಕ್ಕಿರುವ ಹತೋಟಿಯನ್ನು ಕುರಿತು ನಾಲ್ಕು ವ್ಯಂಗ್ಯಚಿತ್ರಗಳ ಮಾಲೆಯೊಂದನ್ನು ಬರೆಯಲು ನನ್ನನ್ನು ಹಚ್ಚಿತು. ನಾನು ಚಿತ್ರಕಲಾ ಶಿಕ್ಷಕ. ಶಾಲೆ ಬಿಟ್ಟ ಮೇಲೆ ಊರಿನ ದಿನಪತ್ರಿಕೆಯೊಂದಕ್ಕೆ ಪಾಕೆಟ್ ಕಾರ್ಟೂನ್ ಬರೆಯುತ್ತೇನೆ.

ಮೊದಲು ಕೈಹಾಕಿದ್ದು ಟ್ರೂಮನ್ ಮತ್ತು ಕೊರಿಯಾ ಯುದ್ಧದ ಸೇನಾಪತಿ ಜನರಲ್ ಮೆಕಾರ್ಥರ್ ಜಗಳಕ್ಕೆ. ಚೀನಾದ ಮೇಲೂ ಯುದ್ಧವನ್ನು ಹಬ್ಬಿಸಬೇಕೆಂದು ಹಟ ಹಿಡಿದಿದ್ದ ಮೆಕಾರ್ಥರ್, ಅಧ್ಯಕ್ಷರ ನೀತಿಗೆ ವಿರುದ್ಧವಾಗಿ ಬರೆದ ಪತ್ರವನ್ನು 1951ರ ಏಪ್ರಿಲ್ 5ರಂದು ವಿರೋಧ ಪಕ್ಷದ ನಾಯಕರು ಸಂಸತ್ತಿನಲ್ಲಿ ಓದಿದರು. ಏಪ್ರಿಲ್ 11ರಂದು ಟ್ರೂಮನ್, ಮೆಕಾರ್ಥರ್ ಅವರನ್ನು ಹುದ್ದೆಯಿಂದ ತೆಗೆದು ಆ ಜಾಗಕ್ಕೆ ಜನರಲ್ ರಿಡ್ಜ್‌ವೇ ಅವರನ್ನು ತಂದರು. ಟ್ರೂಮನ್ ರಾಜಕೀಯಕ್ಕೆ ಬರುವ ಮೊದಲು ಕಾನ್ಸಾಸ್ ಸಿಟಿಯಲ್ಲಿ ಅಂಗಿ, ಟೈ, ಟೋಪಿ ಮಾರುವ ಅಂಗಡಿ ಇಟ್ಟು ಕೈಸುಟ್ಟುಕೊಂಡಿದ್ದರು ಎಂಬ ಸಂಗತಿ ಸಿಕ್ಕಾಗ ಚಿತ್ರವೇ ಸಿಕ್ಕಂತಾಯಿತು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ಟ್ರೂಮನ್, ಒಬ್ಬನ ತಲೆಯಿಂದ ಜರಿಯ ಟೋಪಿ ತೆಗೆದು ಇನ್ನೊಬ್ಬನ ತಲೆಗೆ ಇಡುತ್ತಿರುವಂತೆ ಬರೆದು ಕಚೇರಿಗೆ ಒಯ್ದೆ. ಅದನ್ನು ನೋಡಿದ ಕಿರಿಯ ಉಪಸಂಪಾದಕ, ‘ಸರ್, ಹೊಸಾಬಗ ಯಾಕ್ ಟೋಪಿ ಹಾಕ್ಲಿಕ್ಕತ್ತಾನ್ರಿ? ಅವಂದೇನು ತಪ್ಪದ?’ ಎಂದು ಕೇಳಿದ. ಕನ್ನಡದಲ್ಲಿ ಯೋಚಿಸದೆ ಬರೆದುದರ ಫಲ ಅದು. ನಮ್ಮಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು. ಆ ಚಿತ್ರ ಅಚ್ಚಾಗಿದ್ದರೆ ಬಡಪಾಯಿ ರಿಡ್ಜ್‌ವೇ ಊರೆಲ್ಲ ನಗುವಂತೆ ಮೋಸ ಹೋಗುತ್ತಿದ್ದರು.

ಅಂಗಡಿಯನ್ನು ಉಳಿಸಿಕೊಂಡೆ, ಟೋಪಿಗಳನ್ನು ಅಳಿಸಿದೆ. ಎರಡನೆಯ ಬಾರಿ ಟ್ರೂಮನ್ ಕೈಗೆ ದರ್ಜಿಯ ಟೇಪು ಕೊಟ್ಟು, ಸ್ಟೂಲಿನ ಮೇಲೆ ಎದೆಯುಬ್ಬಿಸಿ ನಿಂತ ಮೆಕಾರ್ಥರ್ ಅಳತೆ ತೆಗೆಸಿದೆ. ಟೇಪು 38ಕ್ಕೆ ಮುಗಿಯುತ್ತದೆ, ಎದೆ ಇನ್ನೂ ಉಳಿಯುತ್ತದೆ. ಎರಡೂ ಕೊರಿಯಾಗಳ ನಡುವಿನ 38ನೆಯ ಅಕ್ಷಾಂಶ ರೇಖೆಯನ್ನು ಬಲ್ಲವರಿಗೆ ಅಷ್ಟು ಸಾಕಿತ್ತು. ಆದರೆ ಇಂಕ್ ಹಾಕುವ ಹೊತ್ತಿಗೆ ಕೈ ತಡೆಯಿತು. 1950ರ ಶರತ್ಕಾಲದಲ್ಲಿ ಅದೇ ರೇಖೆಯನ್ನು ದಾಟಲು ಸೇನೆಗೆ ಅನುಮತಿ ಕೊಟ್ಟವರು ಇದೇ ಟ್ರೂಮನ್. ಚೀನಾದ ಪಡೆಗಳು ನುಗ್ಗಿ ಬಂದು ಹೊಡೆತ ಬಿದ್ದ ಮೇಲೆಯೇ ಅವರ ಅಳತೆ ಬದಲಾದದ್ದು. ಆದ್ದರಿಂದ ಟೇಪನ್ನು 38ರ ಹತ್ತಿರ ಒಮ್ಮೆ ಹರಿದು ಮತ್ತೆ ಹೊಲಿದಂತೆ, ದಪ್ಪ ದಾರದ ಐದಾರು ಹೊಲಿಗೆಗಳನ್ನು ನಿಬ್ಬಿನ ತುದಿಯಿಂದ ತೋರಿಸಿದೆ. ಓದುಗರಲ್ಲಿ ಎಷ್ಟು ಜನ ಅದನ್ನು ಗಮನಿಸಿದರೋ ಕಾಣೆ, ಆದರೆ ಆ ಹೊಲಿಗೆಗಳಿಲ್ಲದೆ ಚಿತ್ರ ಸುಳ್ಳಾಗುತ್ತಿತ್ತು. ಸೇನಾಪತಿಯನ್ನು ಲೇವಡಿ ಮಾಡುವುದು ಸುಲಭ, ಮೀಸೆ ಮತ್ತು ಪದಕಗಳೇ ಅರ್ಧ ಕೆಲಸ ಮಾಡಿಬಿಡುತ್ತವೆ. ಅವನ ಮೇಲೆ ಹತೋಟಿ ಇಟ್ಟವನ ತಪ್ಪನ್ನೂ ತೋರಿಸಿ, ಹತೋಟಿ ಅವನ ಕೈಯಲ್ಲೇ ಇರಬೇಕೆಂದು ಹೇಳುವುದು ಕಷ್ಟ.

1962ರ ಚಿತ್ರದಲ್ಲಿ ಈ ಕಷ್ಟ ಇಮ್ಮಡಿಸಿತು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಂದಿಗೆ ಹೊಂದಿಕೆಯಾಗದೆ ಭೂಸೇನೆಯ ಮುಖ್ಯಸ್ಥ ಜನರಲ್ ತಿಮ್ಮಯ್ಯ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಹೇಳಿದ ಮೇಲೆ ಹಿಂತೆಗೆದುಕೊಂಡಿದ್ದರು. ಮೂರು ವರ್ಷಗಳ ನಂತರ ಚೀನಾ ಯುದ್ಧದ ನಡುವೆ ಹುದ್ದೆ ಬಿಡಬೇಕಾದದ್ದು ಮೆನನ್ ಅವರಿಗೆ. ಅವರ ಊರುಗೋಲನ್ನು ನಕಾಶೆಯ ಮೇಲೆ ಊರಿಸಿ, ಅದರ ತುದಿಯಲ್ಲಿ ಹಿಮದಲ್ಲಿ ಹೂತ ಬೂಟುಗಳನ್ನು ಬರೆದೆ. ಕೊಡಗಿನ ತಿಮ್ಮಯ್ಯನವರ ಮೇಲಿನ ಅಭಿಮಾನ ನನ್ನ ಕೈಯನ್ನು ಸ್ವಲ್ಪ ವಾಲಿಸಿತೆಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ನೆಲದ ಚಿತ್ರ ಬೇಗನೆ ಮುಗಿಯಿತು. ಒಂದೇ ಕುರ್ಚಿ, ಮೂರು ಚೌಕಗಳು: ಮೊದಲನೆಯದರಲ್ಲಿ ಪೊಲೀಸ್ ಆಕ್ಷನ್ ನಂತರದ ಹೈದರಾಬಾದಿನ ಮಿಲಿಟರಿ ಗವರ್ನರ್ ಜೆ.ಎನ್. ಚೌಧರಿ, ಎರಡನೆಯದರಲ್ಲಿ 1950ರಲ್ಲಿ ದೆಹಲಿ ನೇಮಿಸಿದ ಮುಖ್ಯಮಂತ್ರಿ, ಐ.ಸಿ.ಎಸ್. ಅಧಿಕಾರಿ ವೆಲ್ಲೋಡಿ, ಮೂರನೆಯದರಲ್ಲಿ 1952ರ ಚುನಾವಣೆಯಲ್ಲಿ ಗೆದ್ದು ಬಂದ ಬೂರ್ಗುಲ ರಾಮಕೃಷ್ಣ ರಾವ್. ಸಮವಸ್ತ್ರ ಕಳಚಿದ ಕೂಡಲೇ ಆಡಳಿತ ಜನರ ಕೈಗೆ ಬಂದುಬಿಡುವುದಿಲ್ಲ ಎಂಬುದಕ್ಕೆ ನಡುವಿನ ಚೌಕವೇ ಸಾಕ್ಷಿ.

ಪ್ರತಿ ಚಿತ್ರವನ್ನೂ ಅಚ್ಚಿಗೆ ಕೊಡುವ ಮೊದಲು ಪಕ್ಕದ ಓಣಿಯ ನಿವೃತ್ತ ಸುಬೇದಾರರಿಗೆ ತೋರಿಸುವ ರೂಢಿ ಇಟ್ಟುಕೊಂಡೆ. ಒಮ್ಮೆ ಟ್ರೇಸಿಂಗ್ ಹಾಳೆಯನ್ನು ಮಗುಚಿ ಇಟ್ಟು ತಿದ್ದಿದ್ದರಿಂದ ಇಡೀ ಆಕೃತಿ ತಿರುವುಮುರುವಾಗಿತ್ತು. ಸುಬೇದಾರರು ಕನ್ನಡಕ ಏರಿಸಿ ನೋಡಿ, ‘ಮಾಸ್ತರ್ರೇ, ಪದಕ ಎಡಗಡಿ ಎದಿ ಮ್ಯಾಲ ಇರ್ತಾವ್ರಿ, ನೀವು ಬಲಕ್ಕ ಹಚ್ಚೀರಿ. ಜನರಲ್ ಸಾಹೇಬರ ಹೆಗಲ ಮ್ಯಾಲಿನ ಕತ್ತಿ-ಬ್ಯಾಟನ್ ಎಲ್ಲಿ ಹೋತು?’ ಎಂದರು. ಸಮವಸ್ತ್ರ ತಪ್ಪಾದರೆ ಸೈನಿಕನಾದವನು ಮುಂದಿನ ವಾದವನ್ನು ಕೇಳುವುದೇ ಇಲ್ಲ ಎಂಬುದು ಅಂದು ತಿಳಿಯಿತು.

ಕೊನೆಯ ಚಿತ್ರ 1971ರದು, ಎಲ್ಲಕ್ಕಿಂತ ಹೆಚ್ಚು ಕಾಗದ ಹರಿದದ್ದು ಅದಕ್ಕೆ. ಏಪ್ರಿಲ್‌ನಲ್ಲಿಯೇ ಪೂರ್ವ ಪಾಕಿಸ್ತಾನಕ್ಕೆ ಸೇನೆ ನುಗ್ಗಬೇಕೆಂಬ ಒತ್ತಾಯ ಬಂದಾಗ, ಮಳೆಗಾಲದಲ್ಲಿ ಬಂಗಾಳದ ನದಿಗಳು ಸಮುದ್ರದಂತಾಗುತ್ತವೆ, ಚಳಿಗಾಲದವರೆಗೆ ಕಾದರೆ ಹಿಮಾಲಯದ ಕಣಿವೆದಾರಿಗಳು ಹಿಮದಿಂದ ಮುಚ್ಚಿ ಚೀನಾದ ಭಯ ಕಡಿಮೆಯಾಗುತ್ತದೆ ಎಂದು ತಾನು ಇಂದಿರಾ ಗಾಂಧಿಯವರಿಗೆ ಹೇಳಿದೆನೆಂದು ಅಂದಿನ ಭೂಸೇನೆಯ ಮುಖ್ಯಸ್ಥ ಜನರಲ್ ಮಾಣಿಕ್ ಶಾ ಮುಂದೆ ಹೇಳಿಕೊಂಡಿದ್ದಾರೆ. ಯುದ್ಧ ಡಿಸೆಂಬರ್ 3ಕ್ಕೆ ಆರಂಭವಾಗಿ 16ಕ್ಕೆ ಢಾಕಾದಲ್ಲಿ ಮುಗಿಯಿತು. ಯಾರನ್ನೂ ತೆಗೆಯಲಿಲ್ಲ, ಯಾರೂ ರಾಜೀನಾಮೆ ಕೊಡಲಿಲ್ಲ, ಹೇಳುವವರು ಹೇಳಿದರು, ತೀರ್ಮಾನಿಸುವವರು ತೀರ್ಮಾನಿಸಿದರು. ವ್ಯಂಗ್ಯಚಿತ್ರಕಾರನಿಗೆ ಇದಕ್ಕಿಂತ ಬರಗಾಲ ಬೇರೆ ಇಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆ ಹಿಡಿದ ಇಂದಿರಾ ಅವರನ್ನೂ, ಪಕ್ಕದಲ್ಲಿ ಕೊಡೆ ಹಿಡಿದ ಮಾಣಿಕ್ ಶಾ ಅವರನ್ನೂ ಬರೆದು ಸುಬೇದಾರರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಆ ಏಪ್ರಿಲ್‌ದಾಗ ನಾ ರಜಾ ಮ್ಯಾಲ ಊರಿಗಿ ಬಂದಿದ್ದೆರಿ’ ಎಂದಷ್ಟೇ ಹೇಳಿದರು. ಮನೆಗೆ ಬಂದವನೇ ಏಪ್ರಿಲ್ ಹಾಳೆಯ ಕೆಳಮೂಲೆಯಲ್ಲಿ, ಟ್ರಂಕಿನ ಮೇಲೆ ಕುಳಿತು ಬಸ್ಸಿಗೆ ಕಾಯುತ್ತಿರುವ ಸಿಪಾಯಿಯೊಬ್ಬನನ್ನು ಹೆಬ್ಬೆರಳುಗುರಿನಷ್ಟು ಚಿಕ್ಕದಾಗಿ ಬರೆದು, ಮರುದಿನ ಚಿತ್ರವನ್ನು ಅಚ್ಚಿಗೆ ಕೊಟ್ಟೆ.