ಕೈವಾರ, ಕೋನಮಾಪಕ ಹಿಡಿದು ಭೂಮಿಯ ಒಡಲಿಗೆ

ರಷ್ಯಾದ ಕೋಲಾದಲ್ಲಿ 1970ರಲ್ಲಿ ನೆಲ ಕೊರೆಯಲು ತೊಡಗಿದವರು 1989ರ ಹೊತ್ತಿಗೆ ತಲುಪಿದ ಆಳ 12,262 ಮೀಟರ್. ಭೂಮಿಯ ಕೇಂದ್ರವಿರುವುದು 6,371 ಕಿಲೋಮೀಟರ್ ಕೆಳಗೆ. ಆದರೂ ಒಳಗಿನ ಪದರಗಳು ಎಲ್ಲಿ ಬದಲಾಗುತ್ತವೆ ಎಂದು ವಿಜ್ಞಾನಿಗಳು ಖಚಿತವಾಗಿ ಹೇಳಬಲ್ಲರು. ಹಾಗೆ ಹೇಳಲು ನೆರವಾದದ್ದು ಭೂಕಂಪದ ಅಲೆಗಳು. ಆ ತರ್ಕವನ್ನು ಒಂದು ಹಾಳೆಯ ಮೇಲೆ ನೀವೇ ಪರೀಕ್ಷಿಸಬಹುದು. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಮೊದಲು ಕೈವಾರದಿಂದ 6.4 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಒಂದು ಸೆಂಟಿಮೀಟರ್ ಎಂದರೆ ಸಾವಿರ ಕಿಲೋಮೀಟರ್. ಖಂಡಗಳ ಕೆಳಗೆ ಸುಮಾರು 35 ಕಿ.ಮೀ. ದಪ್ಪವಿರುವ ಭೂಕವಚವನ್ನು ಬೇರೆಯಾಗಿ ಬರೆಯಬೇಕಿಲ್ಲ. ನಿಮ್ಮ ಪೆನ್ಸಿಲ್ ಗೆರೆಯೇ ಅಷ್ಟು ದಪ್ಪವಿರುತ್ತದೆ. ಅದೇ ಕೇಂದ್ರದಿಂದ 3.5 ಸೆಂ.ಮೀ. ತ್ರಿಜ್ಯದ ಇನ್ನೊಂದು ವೃತ್ತ ಎಳೆಯಿರಿ. ಅದು ಕೇಂದ್ರಗೋಳ. ಎರಡು ವೃತ್ತಗಳ ನಡುವಿನದು ಮ್ಯಾಂಟಲ್.

ಇನ್ನು ಅಲೆಗಳು. ಪಿ ಅಲೆ ಬಂಡೆಯನ್ನು ಒತ್ತುತ್ತ, ಹಿಗ್ಗಿಸುತ್ತ ಬೇಗ ಬರುತ್ತದೆ. ಎಸ್ ಅಲೆ ಬಂಡೆಯನ್ನು ಅಡ್ಡಡ್ಡ ಅಲುಗಿಸುತ್ತ ಹಿಂದಿನಿಂದ ಬರುತ್ತದೆ. ದ್ರವದಲ್ಲಿ ಅದು ಸಾಗಲಾರದು. ದಾಖಲೆಗಳಲ್ಲಿ ಇವೆರಡನ್ನು ಮೊದಲು ಬೇರೆಯಾಗಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಂ. ಅವರ ಕೈಯಲ್ಲಿದ್ದದ್ದು 1897ರ ಜೂನ್ 12ರ ಅಸ್ಸಾಂ ಭೂಕಂಪದ ಅಲೆಗಳು ಯುರೋಪಿನ ಉಪಕರಣಗಳಲ್ಲಿ ಮೂಡಿಸಿದ ಗೆರೆಗಳು. 1906ರಲ್ಲಿ ಅವರೇ ಭೂಮಿಗೆ ಕೇಂದ್ರಗೋಳವಿದೆ ಎಂದು ವಾದಿಸಿದರು. ನಮ್ಮ ನೆಲದಲ್ಲಿ ಊರುಗಳನ್ನೇ ಕೆಡವಿದ ಆ ದುರಂತದಿಂದ ಈ ಶೋಧ ಶುರುವಾಯಿತೆಂಬುದನ್ನು ಶಾಲೆಯ ಪಾಠಗಳು ಮರೆಯಬಾರದು.

ಈಗ ಹೊರವೃತ್ತದ ತುದಿಯಲ್ಲಿ ಭೂಕಂಪ ನಡೆದ ಸ್ಥಳಕ್ಕೊಂದು ಚುಕ್ಕೆ ಇಡಿ. ಅಲ್ಲಿಂದ ಕೇಂದ್ರಗೋಳವನ್ನು ಸ್ಪರ್ಶಿಸಿ ಹೋಗುವ ಸರಳರೇಖೆ ಎಳೆದು, ಅದು ಆಚೆ ಬದಿಯಲ್ಲಿ ಹೊರಬೀಳುವ ಜಾಗವನ್ನು ಕೋನಮಾಪಕದಿಂದ ಅಳೆಯಿರಿ. ಭೂಕೇಂದ್ರದಲ್ಲಿ ಸುಮಾರು 114 ಡಿಗ್ರಿ ಕೋನ ಬರುತ್ತದೆ. ಆದರೆ ನೇರ ಅಲೆಗಳು ನಿಜವಾಗಿ ಕಾಣೆಯಾಗುವುದು ಸುಮಾರು 104 ಡಿಗ್ರಿಯಲ್ಲೇ. ಈ ಹತ್ತು ಡಿಗ್ರಿಯ ಅಂತರ ನಿಮ್ಮ ತಪ್ಪಲ್ಲ, ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಮ್ಯಾಂಟಲ್‌ನಲ್ಲಿ ಆಳಕ್ಕೆ ಹೋದಂತೆ ಅಲೆಯ ವೇಗ ಹೆಚ್ಚುತ್ತದೆ. ಹಾಗಾಗಿ ಅದು ನೇರವಾಗಿ ಹೋಗದೆ ಕೆಳಗೆ ಬಾಗಿ ಮತ್ತೆ ಮೇಲೇಳುತ್ತದೆ. ನೀವು ಎಳೆದ ರೇಖೆಯನ್ನು ಅಳಿಸಿ, ಕೇಂದ್ರಗೋಳವನ್ನು ಸ್ಪರ್ಶಿಸಿ 104 ಡಿಗ್ರಿಯಲ್ಲಿ ಹೊರಬೀಳುವಂತೆ ಬಾಗಿದ ಗೆರೆ ಎಳೆಯಿರಿ. ಈ ಬಾಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಜರ್ಮನಿಯ ಭೂಕಂಪ ವಿಜ್ಞಾನಿ ಬೆನೊ ಗುಟೆನ್‌ಬರ್ಗ್ ಅವರು 1914ರಲ್ಲಿ ಕೇಂದ್ರಗೋಳ ಶುರುವಾಗುವುದು 2,900 ಕಿ.ಮೀ. ಆಳದಲ್ಲಿ ಎಂದರು. ಇಂದಿನ ಅಂಕಿ ಸುಮಾರು 2,890.

104ರಿಂದ 140 ಡಿಗ್ರಿಯವರೆಗಿನ ಭಾಗಕ್ಕೆ ಎರಡೂ ಬದಿಯಲ್ಲಿ ಬಣ್ಣ ಹಚ್ಚಿ. ಇದು ನೆರಳು ವಲಯ. ಅದರಾಚೆ ಪಿ ಅಲೆ ಮತ್ತೆ ಸಿಗುತ್ತದೆ, ನೇರ ಎಸ್ ಅಲೆ ಮಾತ್ರ ಸಿಗುವುದೇ ಇಲ್ಲ. ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಜಾಲವಿದೆ. ದೂರದೇಶಗಳ ಅಣುಸ್ಫೋಟ ಪತ್ತೆಹಚ್ಚಲು ಕಟ್ಟಿದ್ದು. ಟೋಕಿಯೊ ಬಳಿ ನೆಲ ನಡುಗಿದರೆ ಅಲ್ಲಿಗೆ ದೂರ ಸುಮಾರು 60 ಡಿಗ್ರಿ: ಪಿ ಅಲೆ ಹತ್ತು ನಿಮಿಷಕ್ಕೆ, ಎಸ್ ಅಲೆ ಹದಿನೆಂಟಕ್ಕೆ ತಲುಪುತ್ತದೆ. ಮಧ್ಯ ಚಿಲಿಯಲ್ಲಿ ನಡುಗಿದರೆ ದೂರ ಸುಮಾರು 145 ಡಿಗ್ರಿ. ಪಿ ಅಲೆ ಇಪ್ಪತ್ತು ನಿಮಿಷದೊಳಗೆ ಬರುತ್ತದೆ, ನೇರ ಎಸ್ ಅಲೆ ಎಷ್ಟು ಕಾದರೂ ಬರುವುದಿಲ್ಲ. ದಾರಿಯಲ್ಲಿ ದ್ರವ ಕಬ್ಬಿಣವಿದೆ.

ಕೊನೆಗೆ 1.2 ಸೆಂ.ಮೀ. ತ್ರಿಜ್ಯದ ಪುಟ್ಟ ವೃತ್ತವನ್ನು ನಡುವೆ ಎಳೆಯಿರಿ. ನೆರಳು ವಲಯದಲ್ಲಿ ಬರಬಾರದಿದ್ದ ಕ್ಷೀಣ ಪಿ ಅಲೆಗಳು 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ ಕಂಡಿದ್ದವು. ಹಲವರು ಅವುಗಳಿಗೆ ಬೇರೆ ಕಾರಣ ಹುಡುಕುತ್ತಿದ್ದಾಗ ಡೆನ್ಮಾರ್ಕಿನ ಇಂಗೆ ಲೆಹ್ಮನ್, ಒಳಗೆ ಇನ್ನೊಂದು ಗೋಳವಿದೆ, ಅಲೆಗಳು ಅದಕ್ಕೆ ತಾಗಿ ತಿರುಗಿವೆ ಎಂದು 1936ರಲ್ಲಿ ಬರೆದರು. ಆ ಗೋಳ ಘನವಾಗಿದೆ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು 1971ರಲ್ಲಿ. 1964ರ ಅಲಾಸ್ಕಾ ಭೂಕಂಪದ ನಂತರ ಇಡೀ ಭೂಮಿ ಕಂಪಿಸಿದ ರೀತಿಯನ್ನು ಲೆಕ್ಕ ಹಾಕಿದಾಗ.